ತರಗು ಬೆಂಕಿ

ಹೈಸ್ಕೂಲಿನಲ್ಲಿದ್ದಾಗ ವನಮಹೋತ್ಸವದ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಬಹುಮಾನ ಅಂದ್ರೆ ಒಂದು ಸ್ಟೀಲ್ ಲೋಟ, ಒಂದು ಸರ್ಟಿಫಿಕೇಟು. ಸರ್ಟಿಫಿಕೇಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಲೋಟ ಮಾತ್ರ ಈಗಲೂ ಯಳಂದೂರಿನ ನಮ್ಮ ಮನೆಯಲ್ಲಿದೆ, ಅಮ್ಮ ಅಕ್ಕಿ ಅಳೆಯೋಕೆ ಇಟ್ಟುಕೊಂಡಿದ್ದಾರೆ. ಪ್ರಬಂಧದ ವಿಷಯ ಕಾಡಿನ ರಕ್ಷಣೆ. ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರತಿ ಬೇಸಿಗೆಯೂ ಬೆಂಕಿ ಬೀಳೋದು ಒಳಗಿರೋ ಜನರಿಂದ, ಅವರನ್ನು ಹೊರಗೆ ತಂದು ಮನೆ, ಜಮೀನು ಕೊಟ್ಟರೆ ಅವರೂ ಉದ್ಧಾರವಾಗುತ್ತಾರೆ, ಕಾಡೂ ಉಳಿಯುತ್ತದೆ ಅಂತ ಮೂರು ಪುಟ ಬರೆದಿದ್ದೆ. ಮೇಷ್ಟ್ರು ಮೈಕಿನಲ್ಲಿ ಓದಿಸಿದರು. ನಮ್ಮ ಕ್ಲಾಸಿನಲ್ಲಿ ಬೆಟ್ಟದ ಪೋಡಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಸೋಲಿಗರ ಹುಡುಗನೊಬ್ಬನಿದ್ದ, ನನ್ನ ಬೆಂಚಿನಲ್ಲೇ ಕೂರುತ್ತಿದ್ದವನು. ಓದಿ ಮುಗಿಸಿ ಬಂದು ಕೂತಾಗ ಅವನು ಜರುಗಿ ಜಾಗ ಕೊಟ್ಟ. ಏನೂ ಮಾತಾಡಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಹೋದ ಚಳಿಗಾಲದಲ್ಲಿ ಆಫೀಸಿನ ಗೆಳೆಯರನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿದ್ದೆ. ಎಲ್ಲರೂ ದೇವಸ್ಥಾನ ನೋಡಿ, ಸಫಾರಿಗೆ ಸೀಟು ಹಿಡಿದು ಹೋದರು. ನನಗೆ ಸೀಟು ಸಿಗಲಿಲ್ಲ. ಟೀ ಅಂಗಡಿಯ ಮುಂದೆ ಬಿಸಿಲು ಕಾಯುತ್ತಾ ಕೂತಿದ್ದ ಒಬ್ಬ ಸೋಲಿಗ ತಾತನ ಜೊತೆ ಮಾತಿಗೆ ಕೂತೆ. ಎದುರಿನ ಇಳಿಜಾರಿನ ತುಂಬಾ ಆಳೆತ್ತರದ ಲಂಟಾನ. ಹಳದಿ, ಕೇಸರಿ, ಗುಲಾಬಿ ಹೂವು ಬಿಟ್ಟು ನೋಡೋಕೇನೋ ಚೆನ್ನಾಗಿಯೇ ಇತ್ತು. "ಚಿಕ್ಕೋನಾಗಿದ್ದಾಗ ಇಲ್ಲಿ ನಿಂತ್ರೆ ಆ ಹಳ್ಳದವರ್ಗೂ ಕಾಟಿ ಮೇಯೋದು ಕಾಣದು ಮಗ" ಅಂದರು ತಾತ. ಏನಾಯಿತು ಅಂತ ಕೇಳಿದೆ. "ಬೆಂಕಿ ನಿಲ್ಸುದ್ರು" ಅಂದರು.

ನಾನು ನನ್ನ ಮೂರು ಪುಟದ ಪಾಂಡಿತ್ಯವನ್ನು ಹೊರತೆಗೆದೆ. ಬೆಂಕಿಯಿಂದಲೇ ಅಲ್ಲವಾ ತಾತ ಕಾಡು ಹಾಳಾಗೋದು? ತಾತ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ನಾವು ಬೆಂಕಿ ಇಕ್ತಿದ್ದುದು ಕಾಡು ಸುಡಕ್ಕಲ್ಲ. ಕಾಡು ಸುಡಬಾರ್ದು ಅಂತ."

ಬೆಂಗಳೂರಿಗೆ ಬಂದ ಮೇಲೂ ಈ ಮಾತು ತಲೆಯಿಂದ ಹೋಗಲಿಲ್ಲ. ಕೆಲಸ ಮುಗಿಸಿ ರಾತ್ರಿ ಹೊತ್ತು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದಿದ್ದರಲ್ಲಿ ಸ್ವಲ್ಪ ಇಲ್ಲಿ ಬರೆಯುತ್ತಿದ್ದೇನೆ. ನಾನು ಇತಿಹಾಸ ಓದಿದವನಲ್ಲ, ಕಂಪ್ಯೂಟರ್ ಸೈನ್ಸ್ ಇಂಜಿನಿಯರ್. ಸಸ್ಯಶಾಸ್ತ್ರವಂತೂ ಪಿಯುಸಿಗೇ ಕೈಬಿಟ್ಟಿದೆ. ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಬೆಟ್ಟ ನೋಡಿರದವರಿಗೆ ಒಂದೆರಡು ಮಾತು. ಚಾಮರಾಜನಗರ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವೆ ಸೇತುವೆ ಹಾಕಿದಂತೆ ಇದೆ ಈ ಬೆಟ್ಟ ಸಾಲು. ಬುಡದಲ್ಲಿ ಕುರುಚಲು, ಮೇಲೆ ಹೋದಂತೆ ಎಲೆ ಉದುರಿಸುವ ಕಾಡು, ಇನ್ನೂ ಮೇಲೆ ಶೋಲಾ, ನೆತ್ತಿಯಲ್ಲಿ ಹುಲ್ಲುಗಾವಲು. ಕತ್ತರಿ ಬೆಟ್ಟದ ತುದಿ 1800 ಮೀಟರ್ ಹತ್ತಿರ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ಕಾಡು ಇರೋದರಿಂದಲೇ ಇಲ್ಲಿ ಜೀವಿಗಳ ವೈವಿಧ್ಯ ಜಾಸ್ತಿ. 2022ರಲ್ಲೂ ಇಲ್ಲಿಂದ ಒಂದು ಹೊಸ ಕಣಜ ಸಿಕ್ಕಿತು, ಅದರ ಕುಲಕ್ಕೆ ವಿಜ್ಞಾನಿಗಳು 'ಸೋಲಿಗ' ಅಂತಲೇ ಹೆಸರಿಟ್ಟರು. ಸೋಲಿಗರು ಸುಮಾರು ಅರವತ್ತು ಪೋಡುಗಳಲ್ಲಿ, ಕಾಡಿನ ಒಳಗೂ ಅಂಚಿನಲ್ಲೂ ಇದ್ದಾರೆ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನೋ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದಕ್ಕೇ ಸೋಲಿಗರಿಗೆ ದೇವರು ದೇವರಲ್ಲ, ಭಾವ. ನಾವು ಕೈಮುಗಿದು ನಿಲ್ಲುವ ಕಡೆ ಅವರು ತಮಾಷೆ ಮಾಡಿ ಹಾಡುತ್ತಾರೆ.

ಕಾಡನ್ನೂ ಅವರು ಹೀಗೇ ನೆಂಟಸ್ತನದಲ್ಲಿ ಹಂಚಿಕೊಂಡಿದ್ದರು. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಎಲ್ಲೆಯೊಳಗೆ ಆ ಕುಲದ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಇತ್ತೀಚೆಗೆ ಸೋಲಿಗರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೇರಿ ಜಿಪಿಎಸ್ ಹಿಡಿದು ನಡೆದಾಗ ಇಂಥ ನಾನೂರಕ್ಕೂ ಹೆಚ್ಚು ತಾಣಗಳು ನಕ್ಷೆಯ ಮೇಲೆ ಬಂದವು. ನಕ್ಷೆಯನ್ನು ನೋಡಿದರೆ ಬೆಟ್ಟದಲ್ಲಿ ಯಾರಿಗೂ ಸೇರದ ಜಾಗ ಅನ್ನೋದೇ ಕಾಣುವುದಿಲ್ಲ. 'ನಿರ್ಜನ ಅರಣ್ಯ' ಅನ್ನೋ ನಮ್ಮ ಪಠ್ಯಪುಸ್ತಕದ ಮಾತು ಎಲ್ಲಿಂದ ಬಂತೋ ಅನಿಸುತ್ತದೆ.

ಈಗ ಬೆಂಕಿಯ ವಿಷಯ. ಸೋಲಿಗರು ಅದನ್ನು ತರಗು ಬೆಂಕಿ ಅನ್ನುತ್ತಾರೆ. ತರಗು ಅಂದರೆ ಗೊತ್ತಲ್ಲ, ಉದುರಿದ ಒಣ ಎಲೆ. ಜನವರಿ, ಫೆಬ್ರವರಿಯಲ್ಲಿ, ಹುಲ್ಲಿನ ಬುಡದಲ್ಲಿ ಇನ್ನೂ ಇಬ್ಬನಿಯ ಪಸೆ ಇರುವಾಗ ಇಡುವ ಬೆಂಕಿ. ಅದು ನೆಲದ ಮೇಲೆ ಮೊಳಕಾಲೆತ್ತರಕ್ಕೆ ಹರಿದು, ಹಸಿ ಇದ್ದ ಕಡೆ ತಾನಾಗಿಯೇ ಆರುತ್ತದೆ. ತರಗು ಸುಡುತ್ತದೆ, ಮರ ಸುಡುವುದಿಲ್ಲ. ಉಣ್ಣೆಗಳು ಸಾಯುತ್ತವೆ. ಒಂದೆರಡು ಮಳೆ ಬಿದ್ದರೆ ಎಳೆ ಹುಲ್ಲು ಚಿಗುರುತ್ತದೆ, ಕಡವೆ, ಕಾಟಿ, ಜಿಂಕೆ ಅಲ್ಲಿಗೆ ಬರುತ್ತವೆ. ನೆಲ್ಲಿ ಮರದ ಕೊಂಬೆಯಲ್ಲಿ ಕೂತು ರಸ ಹೀರುವ ಬಂದಳಿಕೆ (ಸೋಲಿಗರ ಬಾಯಲ್ಲಿ ಉಪ್ಪಿಲು) ಬೆಂಕಿಯ ಝಳಕ್ಕೆ ಒಣಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮಾರ್ಚ್, ಏಪ್ರಿಲ್ ಉರಿಬಿಸಿಲಿಗೆ ಆಕಸ್ಮಿಕವಾಗಿ ಕಿಡಿ ಬಿದ್ದರೂ ಹೊತ್ತಿಕೊಳ್ಳೋಕೆ ನೆಲದ ಮೇಲೆ ಏನೂ ಉಳಿದಿರುವುದಿಲ್ಲ. ತಾತ ಹೇಳಿದ್ದು ಇದನ್ನೇ. ಪ್ರತಿ ವರ್ಷ ಎಲ್ಲ ಕಡೆಯೂ ಇಡುತ್ತಿರಲಿಲ್ಲ. ಎಲ್ಲಿ, ಯಾವಾಗ, ಎಷ್ಟು ಅನ್ನೋದನ್ನು ಆ ವರ್ಷದ ಹುಲ್ಲು, ಮಳೆ, ಗಾಳಿ ನೋಡಿ ಆಯಾ ಎಲ್ಲೆಯವರು ತೀರ್ಮಾನಿಸುತ್ತಿದ್ದರು.

ಹಾಗಾದರೆ ಬೆಂಕಿಯೆಂದರೆ ಕಾಡಿನ ಶತ್ರು ಅನ್ನೋದು ನನ್ನ ತಲೆಗೆ ಹೇಗೆ ಬಂತು? ಮೇಷ್ಟ್ರಿಂದ. ಮೇಷ್ಟ್ರಿಗೆ ಇಲಾಖೆಯಿಂದ. ಇಲಾಖೆಗೆ? ಹುಡುಕಿದರೆ ಜರ್ಮನಿಗೆ ಹೋಗಿ ನಿಲ್ಲುತ್ತೇವೆ!

1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಬ್ರಿಟಿಷ್ ಭಾರತದ ಅರಣ್ಯಗಳ ಮೊದಲ ಇನ್ಸ್‌ಪೆಕ್ಟರ್ ಜನರಲ್ ಆದ. ಅದೇ ಹೊತ್ತಿಗೆ ಮಧ್ಯ ಪ್ರಾಂತ್ಯದ ಬೋರಿ ಕಾಡಿನಲ್ಲಿ ಬೆಂಕಿಯನ್ನು ಪೂರ್ತಿ ಹೊರಗಿಡುವ ಪ್ರಯೋಗ ಶುರುವಾಯಿತು. ಯುರೋಪಿನ ತಂಪು, ತೇವದ ಕಾಡಿನಲ್ಲಿ ಕಲಿತ ಪಾಠ ಅದು. ಅಲ್ಲಿ ಬೆಂಕಿ ಅಂದರೆ ಅಪಘಾತವೇ. ಇಲ್ಲಿ ಆರೇಳು ತಿಂಗಳು ಮಳೆಯಿಲ್ಲದ ಕಾಡಿನಲ್ಲಿ ಬೆಂಕಿ ಋತುಮಾನದ ಒಂದು ಭಾಗ ಅನ್ನೋದು ಅವರಿಗೆ ಹೊಳೆಯಲಿಲ್ಲ. ಇದಕ್ಕೂ ಮೊದಲೇ, ಮೈಸೂರು ಸೀಮೆಯಲ್ಲಿ ಕೆಲಸ ಮಾಡಿ ಆಮೇಲೆ ಮದ್ರಾಸಿನ ಅರಣ್ಯಗಳ ಮುಖ್ಯಸ್ಥನಾದ ಹ್ಯೂ ಕ್ಲೆಗ್‌ಹಾರ್ನ್ ತನ್ನ 1861ರ ಪುಸ್ತಕದಲ್ಲಿ ಕುಮರಿ ಬೇಸಾಯದ ವಿರುದ್ಧ ಬರೆದಿದ್ದ. ಮರ ಬೇಕಾಗಿದ್ದುದು ರೈಲಿನ ಸ್ಲೀಪರ್‌ಗೆ, ಹಡಗಿಗೆ. ಸುಟ್ಟ ಮರ ಅಂದರೆ ಸುಟ್ಟ ದುಡ್ಡು. 1878ರ ಅರಣ್ಯ ಕಾಯ್ದೆ ಬರುವಷ್ಟರಲ್ಲಿ ಕಾಡಿನಲ್ಲಿ ಬೆಂಕಿ ಹಚ್ಚೋದು ಅಪರಾಧವಾಗಿತ್ತು.

ನನಗೆ ಆಶ್ಚರ್ಯವಾಗಿದ್ದು ಏನೆಂದರೆ, ಈ ನಂಬಿಕೆ ತಪ್ಪಿರಬಹುದು ಅಂತ ಮೊದಲು ಹೇಳಿದ್ದೂ ಇಲಾಖೆಯವರೇ. ಬರ್ಮಾದಲ್ಲಿ ಬೆಂಕಿ ನಿಲ್ಲಿಸಿದ ತೇಗದ ಕಾಡುಗಳಲ್ಲಿ ತೇಗದ ಸಸಿಗಳೇ ಮೇಲೇಳುತ್ತಿರಲಿಲ್ಲ, ಪೊದೆಗಳು ಅವನ್ನು ಮುಚ್ಚಿಬಿಡುತ್ತಿದ್ದವು. ಸ್ಲೇಡ್ ಎಂಬ ಅಧಿಕಾರಿ 1896ರಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ, ಬರ್ಮಾದಲ್ಲಿ ಬೆಂಕಿಯಿಂದ ರಕ್ಷಣೆ ಅತಿಯಾಯಿತು ಅಂತ ಬರೆದ. ಜಗಳಗಳು ನಡೆದವು. ಬಂಗಾಳ, ಅಸ್ಸಾಮಿನ ಸಾಲ್ ಕಾಡುಗಳಲ್ಲೂ ಇದೇ ಗೋಳು, 1920ರ ದಶಕದ ಹೊತ್ತಿಗೆ ಅಲ್ಲಿ ಇಲಾಖೆಯೇ ನಿಯಂತ್ರಿತ ಬೆಂಕಿ ಇಡೋಕೆ ಶುರುಮಾಡಿತು. ಅಂದರೆ ಗೊತ್ತಾದ ಪಾಠವೇ. ಆದರೆ ಅದು ಸಾಲ್ ಮತ್ತು ತೇಗದ ಪಾಠವಾಗಿ ಉಳಿಯಿತು. ಕಾಡಿನ ಜನ ಮೊದಲಿನಿಂದ ಮಾಡುತ್ತಿದ್ದುದು ಸರಿಯಿತ್ತೇನೋ ಅನ್ನೋ ಕಡೆಗೆ ಯಾರೂ ತಿರುಗಲಿಲ್ಲ.

ನಮ್ಮ ಬೆಟ್ಟಕ್ಕೆ ಬರೋಣ. ಆಗ ಬೆಟ್ಟಕ್ಕೆ ಇಬ್ಬರು ಯಜಮಾನರು. ಯಳಂದೂರು, ಚಾಮರಾಜನಗರದ ಕಡೆಯ ಇಳಿಜಾರು ಮೈಸೂರು ಸಂಸ್ಥಾನದ್ದು. ಕೊಳ್ಳೇಗಾಲದ ಕಡೆಯದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು (1956ರವರೆಗೂ ಕೊಳ್ಳೇಗಾಲ ಅಲ್ಲೇ ಇತ್ತು). ಒಂದು ಕಡೆ 1882ರ ಮದ್ರಾಸ್ ಕಾಯ್ದೆ, ಇನ್ನೊಂದು ಕಡೆ 1900ರ ಮೈಸೂರು ಅರಣ್ಯ ರೆಗ್ಯುಲೇಷನ್. ಕಾಟಿಗೂ ಬೆಂಕಿಗೂ ಈ ಗಡಿ ಗೊತ್ತಿರಲಿಲ್ಲ ಬಿಡಿ. ಚಾಮರಾಜನಗರದ ಹತ್ತಿರ ಬಂಗಲೆ ಕಟ್ಟಿಕೊಂಡು 1874ರಲ್ಲಿ ಮೈಸೂರಿನ ಮೊದಲ ಖೆಡ್ಡಾ ಮಾಡಿಸಿದ ಸ್ಯಾಂಡರ್ಸನ್ ಸಾಹೇಬನಿಗೆ ದಾರಿ ತೋರಿಸಿದವರೂ ಇದೇ ಸೋಲಿಗರು. ಅವನ ಪುಸ್ತಕ ಓದಿದರೆ ಅವರ ಕಾಡಿನ ತಿಳಿವಳಿಕೆಗೆ ಬೆರಗಾಗಿದ್ದು ಗೊತ್ತಾಗುತ್ತದೆ. ಆನೆಯ ಹೆಜ್ಜೆ ನೋಡೋಕೆ ಸೋಲಿಗ ಬೇಕು, ಕಾಡನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋ ಮಾತಿಗೆ ಮಾತ್ರ ಬೇಡ. ಅವತ್ತಿನಿಂದ ಇವತ್ತಿನವರೆಗೂ ಇದು ಹೀಗೇ ನಡೆದಿದೆ.

ಕಾಗದದ ಮೇಲೆ ಏನೇ ಇದ್ದರೂ ಬೆಟ್ಟದ ಒಳಗೆ ಬೆಂಕಿ, ಬೇಸಾಯ ಸಣ್ಣದಾಗಿ ನಡೆದೇ ಇತ್ತು. ಪೂರ್ತಿ ನಿಂತಿದ್ದು 1970ರ ದಶಕದಲ್ಲಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, 1987ರಲ್ಲಿ ಅದರ ವಿಸ್ತಾರ ಸುಮಾರು 540 ಚದರ ಕಿಲೋಮೀಟರಿಗೆ ಏರಿತು. ಸೋಲಿಗರು ಪೋಡು ಬದಲಾಯಿಸೋದು ನಿಂತಿತು, ಬೇಟೆ ನಿಂತಿತು, ತರಗು ಬೆಂಕಿ ನಿಂತಿತು. ಆ ಕಾಯ್ದೆ ಬರಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಆ ಇಳಿಜಾರುಗಳಲ್ಲಿ ಈಗ ರೆಸಾರ್ಟು, ಕಾಫಿ ತೋಟ, ಗ್ರಾನೈಟ್ ಕ್ವಾರಿ ಇರುತ್ತಿದ್ದವು. ಚಾಮರಾಜನಗರದ ಕರಿಕಲ್ಲಿಗೆ ಎಂಥ ಬೇಡಿಕೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಆದರೆ ಕಾಯ್ದೆ ಎರಡು ಬೇರೆ ಬೇರೆ ಕೆಲಸಗಳನ್ನು ಒಟ್ಟಿಗೆ ಮಾಡಿಬಿಟ್ಟಿತು. ಹೊರಗಿನವರನ್ನು ತಡೆಯಿತು, ಒಳಗಿನವರ ಕೈಯನ್ನೂ ಕಟ್ಟಿಹಾಕಿತು.

ಕೈ ಕಟ್ಟಿದ್ದರ ಪರಿಣಾಮ ಮೊದಲು ಕಂಡಿದ್ದು ಲಂಟಾನದಲ್ಲಿ. ದಕ್ಷಿಣ ಅಮೆರಿಕದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಹೂವಿನ ಚಂದಕ್ಕೆ ಅಂತ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬೇಲಿಗೆ ಬಂತು, ಬೇಲಿಯಿಂದ ಹಕ್ಕಿಯ ಹೊಟ್ಟೆಯಲ್ಲಿ ಕಾಡಿಗೆ ಹೋಯಿತು. ಬಿಳಿಗಿರಿ ಬೆಟ್ಟದಲ್ಲೂ ಬಹಳ ಕಾಲದಿಂದ ಅಲ್ಲೊಂದು ಇಲ್ಲೊಂದು ಇತ್ತಂತೆ. 1997ರಲ್ಲಿ ಸಂಶೋಧಕರು ಬೆಟ್ಟದ ಉದ್ದಗಲಕ್ಕೂ ಗುರುತು ಮಾಡಿದ ತುಂಡುಗಳಲ್ಲಿ ಗಿಡ ಎಣಿಸಿದಾಗ ಐದರಲ್ಲಿ ಎರಡು ಭಾಗ ತುಂಡುಗಳಲ್ಲಿ ಲಂಟಾನ ಸಿಕ್ಕಿತು. 2008ರಲ್ಲಿ ಅದೇ ತುಂಡುಗಳನ್ನು ಮತ್ತೆ ಎಣಿಸಿದರು. ಐದರಲ್ಲಿ ನಾಲ್ಕು ಭಾಗಕ್ಕೆ ಹಬ್ಬಿತ್ತು. ಹನ್ನೊಂದೇ ವರ್ಷ! ಲಂಟಾನದ ಕೆಳಗೆ ಹುಲ್ಲು ಬರುವುದಿಲ್ಲ, ಮರದ ಸಸಿಗಳೂ ಮೇಲೇಳುವುದಿಲ್ಲ. ಇದು ಬಿಳಿಗಿರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. 2020ರ ಒಂದು ಅಧ್ಯಯನದ ಪ್ರಕಾರ ದೇಶದ ಹುಲಿ ಕಾಡುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಭಾಗಕ್ಕೆ ಲಂಟಾನದ ಕಾಟವಿದೆ.

ಇಲ್ಲಿ ಒಂದು ಸಣ್ಣ ಕಥೆ ಹೇಳಲೇಬೇಕು, ನನಗೆ ಬಹಳ ಇಷ್ಟವಾದದ್ದು. ಅಂಕಿಲಾ ಹಿರೇಮಠ್ ಮತ್ತು ಭರತ್ ಸುಂದರಂ ಎಂಬ ವಿಜ್ಞಾನಿಗಳು 2005ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಬೆಂಕಿ ಬಿದ್ದ ಕಡೆ ಲಂಟಾನ ಬೇಗ ಹಬ್ಬುತ್ತದೆ, ಹಬ್ಬಿದ ಲಂಟಾನ ಇನ್ನೂ ದೊಡ್ಡ ಬೆಂಕಿಗೆ ಸೌದೆಯಾಗುತ್ತದೆ, ಹೀಗೆ ಒಂದು ವಿಷಚಕ್ರ ಅಂತ. ತರ್ಕಬದ್ಧವಾಗಿಯೇ ಇತ್ತು. ನನ್ನ ಪ್ರಬಂಧದ ಕಾಲಕ್ಕೆ ಇದು ಸಿಕ್ಕಿದ್ದರೆ ಎರಡು ಸಾಲು ಸೇರಿಸುತ್ತಿದ್ದೆ. ಆಮೇಲೆ ಅದೇ ಗುಂಪಿನವರು ಪೋಡುಗಳಿಗೆ ಹೋಗಿ ಹಿರಿಯ ಸೋಲಿಗರನ್ನು ಕೂರಿಸಿಕೊಂಡು ಕೇಳಿದರು. ಸೋಲಿಗರು ಹೇಳಿದ್ದು ಉಲ್ಟಾ. ತರಗು ಬೆಂಕಿ ಇದ್ದಷ್ಟು ಕಾಲ ಲಂಟಾನದ ಸಸಿ, ಬೀಜ ಸುಟ್ಟುಹೋಗುತ್ತಿದ್ದವು, ಬೆಂಕಿ ನಿಲ್ಲಿಸಿದ ಮೇಲೇ ಅದು ಎದ್ದಿದ್ದು. ತಮ್ಮದೇ ಊಹೆಗೆ ವಿರುದ್ಧವಾದ ಈ ಮಾತನ್ನು ಸುಂದರಂ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದರು. ಆಫೀಸಿನಲ್ಲಿ ನಾನು ಬರೆದ ಕೋಡ್ ತಪ್ಪು ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳೋಕೆ ನನಗೆ ಅರ್ಧ ದಿನ ಬೇಕು!

ಹಾಗಂತ ನಾಳೆ ಬೆಳಿಗ್ಗೆ ಹೋಗಿ ಬೆಂಕಿ ಹಚ್ಚಿಬಿಟ್ಟರೆ ಕಾಡು ಸರಿಹೋಗುತ್ತದಾ? ಇಲ್ಲ. ಆಳೆತ್ತರ ಬೆಳೆದ ಲಂಟಾನಕ್ಕೆ ಈಗ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿರುವುದಿಲ್ಲ. ಉರಿ ಮರದ ನೆತ್ತಿಗೇ ಏರುತ್ತದೆ, ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಬೆಳೆದ ಲಂಟಾನದ ಮಟ್ಟಿಗೆ ವಿಜ್ಞಾನಿಗಳ ಹಳೆಯ ಊಹೆಯೂ ಪೂರ್ತಿ ಸುಳ್ಳಲ್ಲ. ಮೊದಲು ಕಿತ್ತು, ಆಮೇಲೆ ಸಣ್ಣ ತುಂಡಿನಲ್ಲಿ ಬೆಂಕಿ ಇಟ್ಟು, ಏನಾಗುತ್ತೆ ನೋಡಿ, ಮುಂದಿನ ವರ್ಷಕ್ಕೆ ಬದಲಾಯಿಸಿಕೊಳ್ಳಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ, ಅಡಾಪ್ಟಿವ್ ಮ್ಯಾನೇಜ್‌ಮೆಂಟ್. ಹಾಲಿಂಗ್ ಎಂಬ ಕೆನಡಾದ ಪರಿಸರ ವಿಜ್ಞಾನಿ 1978ರಲ್ಲಿ ಸಂಪಾದಿಸಿದ ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ನಿಸರ್ಗ ನಮ್ಮ ಪ್ಲಾನಿನ ಪ್ರಕಾರ ನಡೆಯುವುದಿಲ್ಲ, ಆದ್ದರಿಂದ ಪ್ರತಿಯೊಂದು ಕ್ರಮವನ್ನೂ ಪ್ರಯೋಗ ಅಂತ ತಿಳಿದು, ಫಲ ನೋಡಿ ತಿದ್ದಿಕೊಳ್ಳುತ್ತಾ ಹೋಗಬೇಕು ಅನ್ನೋದು ಸಾರಾಂಶ. 2000ದ ಮೇ ತಿಂಗಳಲ್ಲಿ ನೈರೋಬಿಯಲ್ಲಿ ಜೀವವೈವಿಧ್ಯ ಒಪ್ಪಂದದ ದೇಶಗಳು ಸೇರಿ ಹನ್ನೆರಡು ತತ್ವಗಳನ್ನು ಒಪ್ಪಿಕೊಂಡವು. ಬದಲಾವಣೆ ತಪ್ಪದು ಅಂತ ಒಪ್ಪಿಕೊಳ್ಳಬೇಕು, ನಿರ್ವಹಣೆ ಆದಷ್ಟೂ ಕೆಳಗಿನ ಹಂತಕ್ಕೆ ಇಳಿಯಬೇಕು, ಸ್ಥಳೀಯರ ತಿಳಿವಳಿಕೆಯನ್ನೂ ವಿಜ್ಞಾನದ ಜೊತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನೋದೂ ಅದರಲ್ಲಿವೆ. ಭಾರತವೂ ಒಪ್ಪಿದೆ.

ಸಾಫ್ಟ್‌ವೇರ್‌ನವರಿಗೆ ಇದು ಹೊಸದೇನಲ್ಲ. ಎರಡು ವಾರಕ್ಕೊಮ್ಮೆ ಬಿಡುಗಡೆ, ಲಾಗ್ ನೋಡು, ತಿದ್ದು. ಆದರೆ ಲಾಗ್ ಬರೆಯುವವರೇ ಇಲ್ಲದಿದ್ದರೆ ಏನನ್ನು ನೋಡಿ ತಿದ್ದುತ್ತೀರಿ? ಬೆಟ್ಟದಲ್ಲಿ ದಿನಾ ನಡೆದು, ಯಾವ ಮರ ಹೂ ಬಿಟ್ಟಿತು, ಯಾವ ಹಳ್ಳ ಬತ್ತಿತು ಅಂತ ನೋಡುತ್ತಿದ್ದವರು ಸೋಲಿಗರು. ಅವರನ್ನೇ ಆಚೆಗಿಟ್ಟಮೇಲೆ ಮ್ಯಾನೇಜ್‌ಮೆಂಟ್ ಪ್ಲಾನು ಹತ್ತು ವರ್ಷಕ್ಕೊಮ್ಮೆ ಅಚ್ಚಾಗುವ ಪುಸ್ತಕವಾಗುತ್ತದೆ, ಅಷ್ಟೆ.

ಬೆಟ್ಟದಲ್ಲಿ ಇದನ್ನು ಮಾಡಿ ನೋಡಿದ್ದೂ ಉಂಟು. ಡಾಕ್ಟರ್ ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಕಥೆ ಹೆಚ್ಚಿನವರಿಗೆ ಗೊತ್ತಿರುತ್ತದೆ. 1990ರ ದಶಕದ ಮಧ್ಯದಿಂದ ಕೇಂದ್ರವೂ ಏಟ್ರೀಯೂ ಸೇರಿ ನೆಲ್ಲಿಕಾಯಿಯ ಲೆಕ್ಕ ಹಿಡಿಯೋಕೆ ಸೋಲಿಗರನ್ನೇ ಮುಂದೆ ಬಿಟ್ಟರು. ನೆಲ್ಲಿ, ಜೇನು, ಕಲ್ಲುಹೂ, ಅಂಟುವಾಳ, ಸೀಗೆ, ಇವುಗಳಿಂದಲೇ ಆಗ ಸೋಲಿಗರ ಆದಾಯದ ಸುಮಾರು ಅರ್ಧ ಬರುತ್ತಿತ್ತು. ಕುಯ್ಲಿಗೆ ಮೊದಲು ಪೋಡಿನವರು ಕಾಡು ಸುತ್ತಿ ಈ ವರ್ಷ ಎಷ್ಟು ಕಾಯಿ ಬಿಟ್ಟಿದೆ ಅಂತ ಅಂದಾಜು ಮಾಡೋದು, ಕುಯ್ಲಿನ ನಂತರ ಎಷ್ಟು ತೆಗೆದೆವು, ಎಷ್ಟು ಬಿಟ್ಟೆವು, ಕೊಂಬೆ ಎಷ್ಟು ಕಡಿದೆವು ಅಂತ ಕೂತು ಮಾತಾಡೋದು. 1996ರಲ್ಲಿ ಬಂದ ಒಂದು ಅಧ್ಯಯನ ಪೋಡುಗಳ ಹತ್ತಿರ ಮರಗಳ ಮರುಹುಟ್ಟು ಕಡಿಮೆಯಿದೆ ಅಂತ ಹೇಳಿತ್ತು. ಅದನ್ನೂ ಮುಚ್ಚಿಡಬಾರದು. 2012ರಲ್ಲಿ ಬಂದ ಇನ್ನೊಂದು ಅಧ್ಯಯನ ನೆಲ್ಲಿಗೆ ಹಣ್ಣು ಕೀಳುವುದಕ್ಕಿಂತ ಬಂದಳಿಕೆ, ಲಂಟಾನಗಳ ಪೆಟ್ಟೇ ದೊಡ್ಡದು ಅಂತ ತೋರಿಸಿತು. ಬಂದಳಿಕೆ ಹಿಡಿದ ಕೊಂಬೆಯನ್ನು ಕೀಳುವವನು ಕಡಿದು ಹಾಕುತ್ತಿದ್ದ. ಅವನು ಬರದೇ ಹೋದರೆ ಬಂದಳಿಕೆಗೇ ಹಬ್ಬ.

ಅವನು ಬರದ ಹಾಗೆ ಆಯಿತು ಕೂಡ. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನಂತರ, 2006ರಲ್ಲಿ, ಬೆಟ್ಟದಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸೋದಕ್ಕೇ ನಿಷೇಧ ಬಂತು. ಹತ್ತು ವರ್ಷ ಕಟ್ಟಿದ ಲೆಕ್ಕ ಹಿಡಿಯುವ ಪದ್ಧತಿ ಒಂದು ಆದೇಶಕ್ಕೆ ಕುಸಿಯಿತು. ಎಷ್ಟೋ ಜನ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ತಮಾಷೆ ನೋಡಿ, ಅದೇ 2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನೂ ಪಾಸು ಮಾಡಿತು. ಕಾಡನ್ನು ಬಳಸುವ ಹಕ್ಕು ಮಾತ್ರವಲ್ಲ, ಕಾಪಾಡುವ ಹಕ್ಕೂ ಜವಾಬ್ದಾರಿಯೂ ಗ್ರಾಮಸಭೆಗೆ ಇದೆ ಅಂತ ಆ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಅದು ಜಾರಿಯಾಗಿದ್ದು 2007ರ ಡಿಸೆಂಬರಿನ ಕೊನೆಯಲ್ಲಿ.

ಮುಂದಿನದು ಒಂದು ರೀತಿಯ ಓಟ. ಸೋಲಿಗರು ಅರ್ಜಿ ಹಿಡಿದು ಕಚೇರಿ ಅಲೆಯುತ್ತಿರುವಾಗಲೇ 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಕ್ಕಲೆಬ್ಬಿಸುತ್ತಾರೆ ಅನ್ನೋ ಭಯ ಹಬ್ಬಿತು. ಅವರು ಬಿಡಲಿಲ್ಲ. ಎಲ್ಲೆಯ ನಕ್ಷೆ, ದೇವರ ತಾಣ, ಅಜ್ಜ ಅಜ್ಜಿಯರ ಸಾಕ್ಷ್ಯ ಎಲ್ಲವನ್ನೂ ಕಡತ ಮಾಡಿ ಮುಂದಿಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಪತ್ರಿಕೆಗಳು ಬರೆದವು. ಈ ಹೋರಾಟದಲ್ಲಿ ಮುಂದಿದ್ದ ಸಿ. ಮಾದೇಗೌಡರು ಸೋಲಿಗ ಸಮುದಾಯದವರೇ, ಪಿಎಚ್‌ಡಿ ಮಾಡಿದವರು.

ಜನ ಅಲ್ಲೇ ಇದ್ದೂ ಹುಲಿ ಹೆಚ್ಚಾಯಿತು, 2010ರಿಂದ 2014ರ ಒಳಗೆ 35ರಿಂದ 68ಕ್ಕೆ ಏರಿತು ಅಂತ ಲಂಡನ್ನಿನ ಸರ್ವೈವಲ್ ಇಂಟರ್‌ನ್ಯಾಶನಲ್ ಸಂಸ್ಥೆ 2015ರಲ್ಲಿ ದೊಡ್ಡದಾಗಿ ಪ್ರಚಾರ ಮಾಡಿತು. ನಾನು ಈ ಅಂಕಿಯನ್ನು ಹಿಡಿದುಕೊಂಡು ವಾದ ಮಾಡಲಾರೆ. ಹುಲಿ ಎಣಿಸುವ ವಿಧಾನ ಬದಲಾಗುತ್ತಿರುತ್ತದೆ, ಪಕ್ಕದ ಕಾಡಿನಿಂದ ಬಂದು ಹೋಗುತ್ತವೆ, ಹಕ್ಕುಪತ್ರಕ್ಕೂ ಹುಲಿಮರಿಗೂ ನೇರ ಗೆರೆ ಎಳೆಯೋದು ಕಷ್ಟ. ಜನರಿದ್ದರೆ ಹುಲಿ ಉಳಿಯೋದೇ ಇಲ್ಲ ಅನ್ನೋ ವಾದ ಮಾತ್ರ ಅಲ್ಲಿಗೆ ಬಿತ್ತು. ಹೈಸ್ಕೂಲಿನಲ್ಲಿ ನಾನು ಬರೆದದ್ದು ಅದನ್ನೇ ಅಲ್ಲವೇ.

ಬೆಂಕಿಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಹಕ್ಕುಪತ್ರದಲ್ಲಿ ಜೇನಿದೆ, ನೆಲ್ಲಿ ಇದೆ, ದೇವರಿಗೆ ಹೋಗುವ ದಾರಿಯಿದೆ. ತರಗು ಬೆಂಕಿ ಇನ್ನೂ ಅಪರಾಧವೇ. ಕಾಡನ್ನು ಕಾಪಾಡುವ ಜವಾಬ್ದಾರಿ ಇಬ್ಬರದೂ ಅನ್ನುತ್ತಾರೆ, ಯಾವಾಗ ಏನು ಮಾಡಬೇಕು ಅನ್ನೋ ತೀರ್ಮಾನ ಒಬ್ಬರದೇ. ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನಲ್ಲಿ 2006ರಿಂದ ಅಲ್ಲಿನ ಮೂಲನಿವಾಸಿಗಳೇ ಬೇಸಿಗೆಯ ಮೊದಲಲ್ಲಿ ತಂಪು ಬೆಂಕಿ ಇಡುತ್ತಾರೆ, ದೊಡ್ಡ ಬೆಂಕಿ ತಪ್ಪಿಸಿದ್ದಕ್ಕೆ ಒಂದು ಗ್ಯಾಸ್ ಕಂಪನಿ ಅವರಿಗೆ ದುಡ್ಡು ಕೊಡುವ ಒಪ್ಪಂದ ಆಯಿತು. ನಮ್ಮಲ್ಲಿ ಒಂದು ಹತ್ತು ಎಕರೆಯಲ್ಲಿ ಲಂಟಾನ ಕಿತ್ತು, ಇಲಾಖೆಯವರೂ ಸೋಲಿಗರೂ ವಿಜ್ಞಾನಿಗಳೂ ಒಟ್ಟಿಗೆ ನಿಂತು ಬೆಂಕಿ ಇಟ್ಟು ನೋಡೋಕೆ ಏನಡ್ಡಿ ಅಂತ ನನಗೆ ಅರ್ಥವಾಗಿಲ್ಲ. ತಪ್ಪಾದರೆ ಹೊಣೆ ಯಾರು ಅನ್ನೋ ಭಯ ಇರಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಟೀವಿಯವರು ಎಷ್ಟು ಕೂಗಾಡಿದರು ಅಂತ ನೆನೆದರೆ ಆ ಭಯ ಸುಮ್ಮನೆ ಬಂದದ್ದಲ್ಲ ಅನಿಸುತ್ತದೆ. ರೇಂಜರ್ ಆಗಿದ್ದರೆ ನಾನೂ ಸಹಿ ಹಾಕುತ್ತಿರಲಿಲ್ಲವೇನೋ.

ಇಷ್ಟೆಲ್ಲ ಓದಿದ ಮೇಲೆ ನನ್ನ ಬೆಂಚಿನ ಗೆಳೆಯನ ನಂಬರ್ ಹುಡುಕಿದೆ. ಹಾಸ್ಟೆಲಿನ ಹಳೆಯ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕಿತು. ಮೂರು ಸಲ ಮಾಡಿದೆ, ಬೆಟ್ಟದಲ್ಲಿ ನೆಟ್‌ವರ್ಕ್ ಕಷ್ಟ. ನಾಲ್ಕನೇ ಸಲ ಎತ್ತಿಕೊಂಡ. ಹೆಂಡತಿ, ಮಕ್ಕಳು, ಕೆಲಸ ಎಲ್ಲ ವಿಚಾರಿಸಿಕೊಂಡ ಮೇಲೆ ಪ್ರಬಂಧದ ವಿಷಯ ತೆಗೆದೆ. ಅವನಿಗೆ ಚೆನ್ನಾಗಿ ನೆನಪಿತ್ತು. "ಲೋಟ ಕೊಟ್ಟಿದ್ರಲ್ಲ" ಅಂದ. ಕ್ಷಮಿಸು ಅಂತ ಹೇಳೋಕೆ ಬಾಯಿ ಬರಲಿಲ್ಲ. ನಾನು ಬರೆದದ್ದು ತಪ್ಪು ಕಣೋ ಅಂದೆ. "ಅದಕ್ಕೇನ್ ಬುಡು, ಅಯ್ನೋರು ಹೇಳ್ಕೊಟ್ಟಿದ್ದೂ ಹಂಗೇ ಅಲ್ವಾ" ಅಂದ.

ಈಗ ಏನು ಮಾಡುತ್ತಿದ್ದೀಯ ಅಂತ ಕೇಳಿದೆ. ಬೇಸಿಗೆ ಬಂದರೆ ಇಲಾಖೆಯಲ್ಲಿ ಫೈರ್ ವಾಚರ್ ಕೆಲಸ, ದಿನಗೂಲಿ. ಆ ವಾರ ಬೆಂಕಿ ರೇಖೆ ಮಾಡುವ ಕೆಲಸ ನಡೆಯುತ್ತಿತ್ತಂತೆ. ರಸ್ತೆಯ ಪಕ್ಕ, ಗಡಿಯುದ್ದಕ್ಕೂ ಹುಲ್ಲು, ಪೊದೆ ಸವರಿ, ಒಣಗಿಸಿ, ಬೆಳಿಗ್ಗೆ ಗಾಳಿ ಏಳೋದಕ್ಕೆ ಮೊದಲು ಬೆಂಕಿ ಇಟ್ಟು ಸುಡೋದು, ಒಳಗೆ ಹೋಗದ ಹಾಗೆ ಸೊಪ್ಪಿನ ಬರಲು ಹಿಡಿದು ಕಾಯೋದು.

"ಬೆಂಕಿ ಇಡೋದು ಯಾರು?" ಅಂದೆ.

"ಇನ್ಯಾರು, ನಾವೇ. ಅವರಿಗೆಲ್ಲಿ ಬತ್ತದೆ" ಅಂದು ನಕ್ಕ. ಆಮೇಲೆ ಲೈನು ಕಟ್ಟಾಯಿತು.